ಭಾವ ಮರೆತು ಬಂದ ಗೋಡೆ

ನನ್ನ ಭಾವನ ಸಂಗತಿ ಹೇಳಲು ಶುರು ಮಾಡಿದರೆ ಸಾಕು, ಚಪ್ಪಲಿಯ ಮಾತು ಬರುವಷ್ಟರಲ್ಲಿ ಕೇಳುವವರು ನಗುತ್ತಾರೆ. ಹಾಗೆ ನಕ್ಕ ಒಂದಿಬ್ಬರನ್ನು ನಾನು ಕೂತಲ್ಲಿಂದ ಎಬ್ಬಿಸಿ ಕಳಿಸಿದ್ದೂ ಇದೆ. ನಗುವ ಸಂಗತಿ ಅಲ್ಲ ಅದು. ಬಾಯಲ್ಲಿ ಹೇಳಲು ಹೋದರೆ ಸಿಟ್ಟು ಬಂದು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಎದುರಿಗೆ ಯಾರ ಹಲ್ಲೂ ಕಾಣುವುದಿಲ್ಲ.

ನಾವು ಬಣ್ಣದವರು. ಮನೆಯೊಳಗೆ ಏಣಿ ಇಟ್ಟುಕೊಂಡು ಗೋಡೆಗೆ ಬಳಿಯುವವರಲ್ಲ. ಎತ್ತರದ ಕಟ್ಟಡಗಳ ಹೊರಮೈಗೆ ಬಳಿಯುವವರು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬ ಹಲಗೆಯ ಮೇಲೆ ಕೂತು ಗೋಡೆಗೆ ನೇತಾಡುತ್ತಾನೆ, ಬಕೆಟ್ಟು ಬ್ರಷ್ಷು ಎಲ್ಲ ಅವನ ಪಕ್ಕದಲ್ಲೇ ತೂಗುತ್ತಿರುತ್ತವೆ. ಇನ್ನೊಬ್ಬ ತಾರಸಿಯ ಮೇಲೆ ನಿಂತು ಆ ಹಲಗೆಯ ಹಗ್ಗ ನೋಡಿಕೊಳ್ಳುತ್ತಾನೆ. ಹಗ್ಗವನ್ನು ನೀರಿನ ಟ್ಯಾಂಕಿನ ಕಂಬಕ್ಕೋ ಬೇರೆ ಯಾವುದಾದರೂ ಗಟ್ಟಿ ಕಂಬಕ್ಕೋ ಸುತ್ತು ಹಾಕಿ, ಮೋಟುಗೋಡೆಯ ಅಂಚಿಗೆ ಗೋಣಿ ಹಾಸಿ, ಅದರ ಮೇಲಿಂದ ಕೆಳಗೆ ಬಿಡುತ್ತಾರೆ. ನೇತಾಡುವವನು ಮೇಲಿಂದ ಬಳಿಯುತ್ತಾ ಬರುತ್ತಾನೆ, ಕೈಗೆಟುಕುವಷ್ಟು ಮುಗಿದ ಮೇಲೆ "ಬಿಡಿ" ಎಂದು ಕೂಗುತ್ತಾನೆ. ಮೇಲಿನವನು "ಬಿಟ್ಟೆ" ಎಂದು ಉತ್ತರ ಕೊಟ್ಟ ಮೇಲೇ ಹಗ್ಗ ಸಡಿಲಬೇಕು. ಸಾಕು ಅಂದ ಕೂಡಲೇ ಗಂಟು ಬಿಗಿದು "ಕಟ್ಟಿದೆ" ಅನ್ನಬೇಕು. ಆ ಮಾತು ಕಿವಿಗೆ ಬೀಳುವತನಕ ಕೆಳಗಿನವನು ಬ್ರಷ್ಷು ಮುಟ್ಟುವುದಿಲ್ಲ. ನಮ್ಮ ಜೋಡಿಯಲ್ಲಿ ನೇತಾಡುವವನು ನಾನು, ಹಗ್ಗದವರು ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬಣ್ಣದವರೆಲ್ಲ ಅವರನ್ನು ಕರೆಯುತ್ತಿದ್ದುದು ಗೂಟ ಅಂತ, ವಯಸ್ಸಿನಲ್ಲಿ ಚಿಕ್ಕವರು ಗೂಟಣ್ಣ ಅಂತ. ಹಗ್ಗ ಹಿಡಿದು ಒಂದು ಸಲ ನಿಂತರೆ ಮುಗಿಯಿತು, ನೆಟ್ಟ ಗೂಟದ ಹಾಗೆ. ಬಿಸಿಲು ನೆತ್ತಿ ಸುಡಲಿ, ಕಟ್ಟಡದ ಯಜಮಾನನೇ ಬಂದು ಕರೆಯಲಿ, ಜಾಗ ಬಿಟ್ಟು ಕದಲುತ್ತಿರಲಿಲ್ಲ. ನಾನು ಮೇಷ್ಟರ ಜೊತೆ ಜಗಳ ಮಾಡಿಕೊಂಡು ಶಾಲೆ ಬಿಟ್ಟು ಬೀದಿ ಅಲೆಯುತ್ತಿದ್ದಾಗ, ಅಕ್ಕನನ್ನು ಮದುವೆಯಾಗಿ ಬಂದವರು ಇವರು. ಬಂದವರೇ ನನ್ನ ಕಿವಿ ಹಿಂಡಲಿಲ್ಲ, ಬುದ್ಧಿ ಹೇಳಲಿಲ್ಲ. "ನಿನಗೆ ಬಡಿದಾಡೋಕೆ ಗೋಡೆ ಬೇಕು ತಾನೆ? ಬಾ, ದೊಡ್ಡ ಗೋಡೆ ತೋರಿಸ್ತೀನಿ" ಎಂದು ಕರೆದುಕೊಂಡು ಹೋಗಿ ಹಲಗೆಯ ಮೇಲೆ ಕೂರಿಸಿದರು. ಅಂದಿನಿಂದ ನನ್ನ ಕೂದಲು ನರೆಯುವವರೆಗೆ ನನ್ನ ಪ್ರಾಣ ಅವರ ಮುಂಗೈಯಲ್ಲೇ ಇತ್ತು. ಒಂದು ದಿನವಾದರೂ ಹಲಗೆ ಕುಲುಕಿದ್ದಿಲ್ಲ.

ನಮ್ಮಿಬ್ಬರ ಮಾತು ಯಾವಾಗಲೂ ಕಿತ್ತಾಟವೇ. "ನಮ್ಮಕ್ಕನ್ನ ನಿಮಗೆ ಕೊಟ್ಟಿದ್ದೇ ದಂಡ ಭಾವ" ಅಂದರೆ, "ಅವಳ ಜೊತೆ ನಿನ್ನನ್ನೂ ಗಂಟುಹಾಕಿದ್ರಲ್ಲ, ದಂಡ ಕಟ್ಟಿದ್ದು ನಾನು" ಅನ್ನುತ್ತಿದ್ದರು. ನಾನು ಮಾಲೀಕರ ಹತ್ತಿರ, ಮೇಸ್ತ್ರಿಗಳ ಹತ್ತಿರ ಜಗಳ ಕಾಯ್ದು ಕೆಲಸ ಕೆಡಿಸಿಕೊಂಡಾಗಲೆಲ್ಲ ಹೋಗಿ ಸರಿಮಾಡಿ ಬರುತ್ತಿದ್ದವರೂ ಅವರೇ. ಅವರು ದನಿ ಎತ್ತಿದ್ದನ್ನು ನಾನು ನೋಡಿದ್ದು ಒಂದೇ ಸಂಗತಿಗೆ, ಅದು ಚಪ್ಪಲಿಗೆ.

ಚಪ್ಪಲಿ ನಮ್ಮ ಕೆಲಸದ ಒಂದು ಕಟ್ಟಳೆ. ಹಲಗೆಗೆ ಇಳಿಯುವವನು ತನ್ನ ಚಪ್ಪಲಿಯನ್ನು ತಾರಸಿಯಲ್ಲಿ, ಹಗ್ಗದ ಪಕ್ಕದಲ್ಲೇ ಬಿಟ್ಟು ಇಳಿಯುತ್ತಾನೆ. ಅದು ಅಲ್ಲಿ ಇರುವವರೆಗೆ ಕೆಳಗೆ ಮನುಷ್ಯ ಇದ್ದಾನೆ ಎಂದು ಅರ್ಥ, ಯಾರೂ ಹಗ್ಗ ಮುಟ್ಟುವಂತಿಲ್ಲ. ಚಪ್ಪಲಿ ಇಲ್ಲ ಎಂದರೆ ಹಗ್ಗ ಖಾಲಿ, ಬಿಚ್ಚಿ ಸುತ್ತಿಡಬಹುದು. ತಾರಸಿಗೆ ಬಟ್ಟೆ ಒಣಹಾಕಲು ಬರುವ ಹೆಂಗಸರಿಗೆ, ಟ್ಯಾಂಕು ತೊಳೆಯುವವರಿಗೆ, ಎಲ್ಲರಿಗೂ ಭಾವ ಇದನ್ನು ಮೊದಲ ದಿನವೇ ಹೇಳಿಬಿಡುತ್ತಿದ್ದರು. ಒಂದು ಸಲ ಕೇಬಲ್ಲಿನವನೊಬ್ಬ ನನ್ನ ಚಪ್ಪಲಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ್ದಕ್ಕೆ ಅವನನ್ನು ಮೆಟ್ಟಿಲಿನವರೆಗೆ ದಬ್ಬಿಕೊಂಡು ಹೋಗಿದ್ದರಂತೆ. ಗೂಟ ಕದಲಿದ್ದು ಅಷ್ಟೇ.

ಮರೆವು ಯಾವಾಗ ಶುರುವಾಯಿತು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಮರೆವಿಗೇನು, ಎಲ್ಲರಿಗೂ ಇರುತ್ತದೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ತಾರಸಿಯೆಲ್ಲ ಹುಡುಕುತ್ತಿದ್ದರು. ಟರ್ಪೆಂಟೈನ್ ತರುತ್ತೇನೆಂದು ಹೋಗಿ ಎರಡು ಟೀ ಹಿಡಿದುಕೊಂಡು ಬರುತ್ತಿದ್ದರು. ನನ್ನ ಜೊತೆ ಕೂತು ಉಂಡು, ಕೈ ತೊಳೆದು, ಬೀಡಿ ಸೇದಿ, ಆಮೇಲೆ "ಊಟಕ್ಕೆ ಏಳೋಣವೇನೋ?" ಎಂದು ಕೇಳಿದ್ದೂ ಉಂಟು. ನಾನು ಬಿಡುತ್ತೇನೆಯೇ?

"ಭಾವ, ನಿಮ್ಮ ತಲೇನೂ ಒಂದ್ಸಲ ಕೆರೆದು ಪುಟ್ಟಿ ಹಚ್ಬೇಕು. ಒಳಗೆಲ್ಲ ಬಿರುಕು ಬಿಟ್ಟಿದೆ."

"ಹಚ್ಚೋ. ಆದರೆ ಮೇಲೆ ಬಿಳೀ ಬಣ್ಣ ಬೇಡ, ಅದು ಆಗಲೇ ಹೊಡೆದಾಗಿದೆ" ಎಂದು ತಲೆ ಸವರಿಕೊಂಡು ನಗುತ್ತಿದ್ದರು.

ಕೆಲವು ಸಲ ನಾನು "ಬಿಡಿ" ಎಂದು ಕೂಗಿದರೆ ಉತ್ತರ ತಡವಾಗುತ್ತಿತ್ತು. ತೂಕಡಿಸುತ್ತಿದ್ದಾರೆ ಎಂದುಕೊಂಡು ಗೋಡೆಗೆ ಮುಖ ಮಾಡಿ ಬೈದುಕೊಳ್ಳುತ್ತಿದ್ದೆ. ಅಷ್ಟೇ.

ಆ ದಿನ ನಾವು ಕೆಲಸ ಮಾಡುತ್ತಿದ್ದುದು ಒಂದು ಮಳಿಗೆ ಕಟ್ಟಡದ ಪಕ್ಕದ ಗೋಡೆ. ಒಂದು ಕಿಟಕಿಯೂ ಇಲ್ಲದ ಬೋಳು ಗೋಡೆ. ಕೆಳಗೆ ದೊಡ್ಡ ರಸ್ತೆ, ಆಚೆ ಬದಿಗೆ ಬೋಡನ ಟೀ ಅಂಗಡಿ. ಬೋಡ ಎಂದರೆ ಅಂಗಡಿಯವನು, ತಲೆಯಲ್ಲಿ ಒಂದು ಕೂದಲಿಲ್ಲ. ಬೆಳಗಿನ ಹೊತ್ತು ಗೋಡೆ ಇನ್ನೂ ತಣ್ಣಗಿತ್ತು. ಮೇಲಿನ ಪಟ್ಟಿ ಮುಗಿಸಿ ನಾನು ಕೂಗಿದೆ.

"ಬಿಡಿ ಭಾವ!"

ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲ. ಮೂತ್ರಕ್ಕೆಂದು ಪಕ್ಕಕ್ಕೆ ಹೋಗಿರಬೇಕು, ತಡೆದುಕೊಳ್ಳಲು ಆಗಿರಲಿಕ್ಕಿಲ್ಲ ಎಂದುಕೊಂಡೆ. ಹಗ್ಗ ಕಟ್ಟಿಯೇ ಇತ್ತು, ಬೀಳುವ ಭಯವಿರಲಿಲ್ಲ. ಬಕೆಟ್ಟಿನ ಬಣ್ಣ ಕದಡುತ್ತಾ ಕಾದೆ. ಬಣ್ಣದ ಮೇಲೆ ಕೆನೆ ಕಟ್ಟತೊಡಗಿತು. ಆಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. ಬರೆಯಬಾರದ್ದನ್ನೆಲ್ಲ ಕೂಗಿದೆ. ಭಾವ ಎನ್ನುವ ಮರ್ಯಾದೆಯನ್ನೂ ಪಕ್ಕಕ್ಕಿಟ್ಟು ಕೂಗಿದೆ. ಮೇಲಿಂದ ಒಂದು ಹುಳುವೂ ಅಲುಗಲಿಲ್ಲ.

ಕೆಳಗೆ ನೋಡಿದೆ. ಕಟ್ಟಡದ ಗೇಟಿನಿಂದ ಭಾವ ಹೊರಗೆ ಬರುತ್ತಿದ್ದರು.

ಮೊದಲು ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಹಲಗೆಯಲ್ಲಿ ಮನುಷ್ಯ ಇರುವಾಗ ಹಗ್ಗದವನು ರಸ್ತೆಯಲ್ಲಿರುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅದೂ ಗೂಟ! ಅವರ ಕೈಯಲ್ಲಿ ಏನೋ ಇತ್ತು. ನಿಧಾನವಾಗಿ ರಸ್ತೆ ದಾಟಿದರು. ಬೋಡನ ಅಂಗಡಿಯ ಮುಂದೆ ನಿಂತು ಅದನ್ನು ಎತ್ತಿ ತೋರಿಸಿದರು. ಬೋಡ ತಲೆಯಲ್ಲಾಡಿಸಿದ. ಪಕ್ಕದ ಪಂಕ್ಚರ್ ಅಂಗಡಿಯವನಿಗೆ ತೋರಿಸಿದರು. ಬಸ್ಸಿಗೆ ಕಾಯುತ್ತಿದ್ದ ಹೆಂಗಸಿಗೆ ತೋರಿಸಿದರು, ಆಕೆ ಮೂಗು ಮುರಿದು ದೂರ ಸರಿದಳು. ಆಗ ನನಗೆ ಕಂಡಿತು. ಎಡಗಾಲಿನ ಪಟ್ಟಿಗೆ ನೀಲಿ ದಾರ ಹೊಲಿದ ಚಪ್ಪಲಿ. ಆ ದಾರ ಹೊಲಿದವನು ನಾನೇ. ಭಾವ ನನ್ನ ಚಪ್ಪಲಿ ಹಿಡಿದುಕೊಂಡು, ಇದು ಯಾರದ್ದು ಎಂದು ಬೀದಿಯಲ್ಲಿ ವಿಚಾರಿಸುತ್ತಿದ್ದರು.

ಇಲ್ಲೇ ಎಲ್ಲರೂ ನಗುವುದು.

ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಾರದ ಹೊತ್ತು ನನ್ನ ಬಾಳಿನಲ್ಲಿ ಬಹಳ ಕಡಿಮೆ. ಕೂಗೋಣವೆಂದರೆ ದನಿಯೇ ಹೊರಡಲಿಲ್ಲ. ಕೈಯಲ್ಲಿದ್ದ ಬ್ರಷ್ಷನ್ನು ಎಸೆದೆ. ಅದು ರಸ್ತೆಯ ಅಂಚಿಗೆ ಬಿದ್ದು ಬಣ್ಣ ಚೆಲ್ಲಿತು, ಜನ ತಲೆ ಎತ್ತಿ ನೋಡಿದರು. ಭಾವನೂ ನೋಡಿದರು. ಹುಬ್ಬಿಗೆ ಅಂಗೈ ಅಡ್ಡ ಹಿಡಿದು ನೋಡಿದರು. ಆ ಹೊತ್ತಿಗೆ ವಾಹನಗಳು ಸ್ವಲ್ಪ ಕಡಿಮೆಯಾಗಿ ಅವರ ಮಾತು ನನ್ನ ಕಿವಿಗೆ ಬಿತ್ತು.

"ಏ ತಮ್ಮಾ! ಹುಷಾರಪ್ಪಾ! ಮೇಲೆ ಯಾರಿದ್ದಾರೆ ನಿಂಗೆ?"

ಆ ಮಾತು ಬಿದ್ದ ಮೇಲೆ ನನಗೆ ಹಲಗೆಯೂ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ. ಮೇಲೆ ನನಗೆ ಯಾರಿದ್ದಾರೆ ಎಂದು ಭಾವ ನನ್ನನ್ನು ಕೇಳುತ್ತಿದ್ದಾರೆ.

ಆಮೇಲೆ ನಡೆದದ್ದನ್ನು ಬೋಡ ನನಗೆ ಹೇಳಿದ. ಭಾವ ಅವನ ಕಡೆ ತಿರುಗಿ, "ನೋಡ್ರೀ, ಆಳನ್ನ ಗೋಡೆಗೆ ನೇತುಹಾಕಿ ಎಲ್ಲೋ ಹಾಳಾಗಿ ಹೋಗಿದಾನೆ. ಇಂಥ ಹಗ್ಗದವನಿಗೆ ಒದೀಬೇಕು" ಎಂದರಂತೆ. ಬೋಡ ತಮಾಷೆ ಎಂದುಕೊಂಡು ನಕ್ಕ. ಅವರು ನಗದೇ ಇದ್ದುದನ್ನು ಕಂಡು ನಗು ನಿಲ್ಲಿಸಿ, "ಗೂಟಣ್ಣ, ಏನಾಗಿದೆ ನಿಂಗೆ? ಅವನು ನಿನ್ನ ಬಾಮೈದ. ಹಗ್ಗದವನು ನೀನೇ ಅಲ್ವಾ!" ಎಂದು ಭುಜ ಹಿಡಿದು ಅಲುಗಿಸಿದ. ಭಾವ ಚಪ್ಪಲಿಯನ್ನು ಅವನ ಟೀ ಲೋಟಗಳ ಪಕ್ಕದಲ್ಲೇ ಇಟ್ಟು, ಬಸ್ಸು ಲಾರಿ ಯಾವುದನ್ನೂ ನೋಡದೆ ರಸ್ತೆ ದಾಟಿ ಓಡಿದರು.

ಅವರು ಗೇಟಿನೊಳಗೆ ಹೋಗುವುದನ್ನು ನಾನು ನೋಡಿದೆ. ಆಗ ನನ್ನ ಗಂಟಲು ಬಿಚ್ಚಿಕೊಂಡಿತು. "ಬೋಡಾ! ಅವರನ್ನ ಬಿಡಬೇಡ್ವೋ! ಹಗ್ಗ ಮುಟ್ಟಿಸಬೇಡ! ನೀನು ಹೋಗೋ!" ಎಂದು ಕಿರುಚಿದೆ. ಬೋಡ ನನಗೆ ಧೈರ್ಯ ಹೇಳುವವನ ಹಾಗೆ ಎರಡೂ ಕೈ ಎತ್ತಿ ಬೀಸಿದ. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ.

ನಾನು ಯಾಕೆ ಹಾಗೆ ಕಿರುಚಿದೆ ಎಂದರೆ, ನನಗೆ ಹೊಳೆದದ್ದು ಇಷ್ಟು. ಭಾವ ಮೆಟ್ಟಿಲು ಹತ್ತುತ್ತಿದ್ದಾರೆ. ಹತ್ತಿ ಮುಗಿಯುವಷ್ಟರಲ್ಲಿ ಯಾಕೆ ಹತ್ತಿದೆ ಎನ್ನುವುದನ್ನು ಮರೆತರೆ? ತಾರಸಿಗೆ ಬಂದು ನಿಂತವರಿಗೆ ಏನು ಕಾಣುತ್ತದೆ? ಕಂಬಕ್ಕೆ ಕಟ್ಟಿದ ಹಗ್ಗ ಕಾಣುತ್ತದೆ. ಪಕ್ಕದಲ್ಲಿ ಚಪ್ಪಲಿ ಕಾಣುವುದಿಲ್ಲ. ಅದು ಬೋಡನ ಅಂಗಡಿಯಲ್ಲಿದೆ. ಚಪ್ಪಲಿ ಇಲ್ಲದ ಹಗ್ಗ ಖಾಲಿ ಹಗ್ಗ. ಅದನ್ನು ಬಿಚ್ಚಿ ಸುತ್ತಿಡಬೇಕು. ನನಗೆ ಕೆಲಸ ಕಲಿಸಿದ ದಿನದಿಂದ ಅವರು ಹೇಳುತ್ತಾ ಬಂದದ್ದು ಇದನ್ನೇ.

ನನ್ನ ತಲೆಯ ಮೇಲೆ ಹಗ್ಗ ಅಲುಗಿತು. ಗಂಟು ಸಡಿಲುವಾಗ ಹಗ್ಗದಲ್ಲಿ ಒಂದು ನಡುಕ ಇಳಿದು ಬರುತ್ತದೆ, ನೇತಾಡಿದವರಿಗೆ ಅದು ಗೊತ್ತು. ಯಾರೂ "ಬಿಟ್ಟೆ" ಅನ್ನಲಿಲ್ಲ. ನಾನು ಎರಡೂ ಅಂಗೈಗಳನ್ನು ಹಸಿ ಬಣ್ಣದ ಗೋಡೆಗೆ ಒತ್ತಿದೆ, ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಕಣ್ಣು ಮುಚ್ಚಿದೆ. ಹೆಂಡತಿ ಮಕ್ಕಳು ಕಣ್ಮುಂದೆ ಬರುತ್ತಾರೆ ಅನ್ನುತ್ತಾರಲ್ಲ, ಸುಳ್ಳು. ನನಗೆ ಆ ನೀಲಿ ದಾರವೇ ಕಾಣುತ್ತಿತ್ತು.

ಹಲಗೆ ಇಳಿಯಿತು. ಬೀಳಲಿಲ್ಲ, ಇಳಿಯಿತು. ಸುತ್ತಿನಿಂದ ಹಗ್ಗವನ್ನು ಅಳತೆಯಲ್ಲಿ ಬಿಡುತ್ತಾ, ಒಂದು ಕುಲುಕಿಲ್ಲದೆ, ಎಷ್ಟೋ ವರ್ಷಗಳಿಂದ ಹೇಗೆ ಇಳಿಸುತ್ತಿದ್ದರೋ ಹಾಗೆಯೇ. ಇನ್ನೂ ಬಳಿಯದ ಗೋಡೆಯ ಮೇಲೆ ಬಣ್ಣ ಮೆತ್ತಿದ ನನ್ನ ಎರಡು ಅಂಗೈಗಳ ಗುರುತು ಉದ್ದಕ್ಕೆ ಗೆರೆ ಎಳೆದುಕೊಂಡು ಬಂತು. ಕಾಲು ನೆಲಕ್ಕೆ ತಾಗಿದ ಮೇಲೂ ನಾನು ಹಲಗೆಯಿಂದ ಏಳಲಿಲ್ಲ.

ಭಾವ ಇಳಿದು ಬಂದರು. ಮೈಯೆಲ್ಲ ಬೆವರು, ಏದುಸಿರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕೋ ಇಷ್ಟು ಬೇಗ ಇಳಿದ್ಬಿಟ್ಟೆ? ಗೋಡೆ ಇನ್ನೂ ಅರ್ಧ ಹಾಗೇ ಇದೆ" ಎಂದರು. ಆಮೇಲೆ ನನ್ನ ಬರಿಗಾಲು ನೋಡಿದರು. "ಚಪ್ಪಲಿ ಎಲ್ಲೋ?"

ನಾನು ಅವರ ಕೊರಳಪಟ್ಟಿ ಹಿಡಿದೆ. ಬೋಡ ಓಡಿ ಬಂದು ಬಿಡಿಸಿದ. ಹಿಡಿದ ಹೊತ್ತಿನಲ್ಲಿ ಅವರ ಮುಖವನ್ನು ಹತ್ತಿರದಿಂದ ನೋಡಿದೆ. ನಾಟಕ ಇರಲಿಲ್ಲ, ತಪ್ಪಿಸಿಕೊಳ್ಳುವ ಕಳ್ಳನೋಟ ಇರಲಿಲ್ಲ. ಬಾಮೈದ ಯಾಕೆ ಮೈಮೇಲೆ ಬೀಳುತ್ತಿದ್ದಾನೆ ಎಂದು ತಿಳಿಯದೆ ದಿಗಿಲಾದ ಒಬ್ಬ ಮುದುಕ ಇದ್ದ, ಅಷ್ಟೇ. ನಿನ್ನೆಯವರೆಗೆ ಅವರು ನನಗೆ ಮುದುಕರಾಗಿ ಕಂಡಿರಲಿಲ್ಲ.

ಅವರನ್ನು ಕೈ ಹಿಡಿದುಕೊಂಡು ಮನೆಗೆ ಕರೆತಂದೆ. ಅಕ್ಕ ಬಾಗಿಲಲ್ಲೇ ನಮ್ಮನ್ನು ನೋಡಿದಳು. ಕೆಲಸದ ಹೊತ್ತಿನಲ್ಲಿ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಭಾವನನ್ನು ಒಳಗೆ ಕೂರಿಸಿ, ನೀರು ಕೊಟ್ಟು, ಅಡುಗೆಮನೆಗೆ ಬಂದು ಒಲೆಯ ಕಡೆ ಮುಖ ಮಾಡಿ ನಿಂತಳು.

"ಏನು ಮಾಡಿದ್ರು?" ಎಂದಳು. ಏನಾಯಿತು ಅಂತ ಕೇಳಲಿಲ್ಲ. ಏನು ಮಾಡಿದರು ಅಂತ ಕೇಳಿದಳು. ಅಲ್ಲೇ ನನಗೆ ಇನ್ನೊಂದು ಏಟು ಬಿತ್ತು.

"ನಿಂಗೆ ಗೊತ್ತಿತ್ತಾ?"

ಅಕ್ಕ ಒಲೆ ಆರಿಸಿದಳು.

"ಅಕ್ಕಾ, ನಿನ್ನನ್ನೇ ಕೇಳ್ತಿರೋದು. ಗೊತ್ತಿತ್ತಾ?"

"ಕೂಗಬೇಡ. ಅವರಿಗೆ ಕೇಳಿಸುತ್ತೆ."

"ಕೇಳಿಸಲಿ! ಇವತ್ತು ನಾನು ಗೋಡೆ ಮೇಲೆ ಕೂಗಿದ್ದು ಅವರಿಗೆ ಕೇಳಿಸಲಿಲ್ವಲ್ಲ!"

ನಡೆದದ್ದನ್ನು ಹೇಳಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಒಂದೊಂದೇ ಹೊರಗೆ ಬಂತು. ಬೆಳಿಗ್ಗೆ ಬೀದಿಯ ಮೂಲೆಗೆ ತರಕಾರಿ ನೆಪದಲ್ಲಿ ಅವಳು ಬರುತ್ತಿದ್ದುದು ತರಕಾರಿಗಲ್ಲ, ನಾನು ಬರುವವರೆಗೆ ಅವರು ಬೇರೆ ದಾರಿ ಹಿಡಿಯದಿರಲಿ ಎಂದು. ಒಂದು ಸಂಜೆ ನಾನು ಬೀದಿಯ ತುದಿಯಲ್ಲಿ ಅವರನ್ನು ಬಿಟ್ಟು ಹೋದ ಮೇಲೆ ಭಾವ ಪಕ್ಕದ ಮನೆಯ ಬಾಗಿಲು ತಟ್ಟಿ, "ನಮ್ಮ ಮನೇಲಿ ನೀವ್ಯಾಕಿದ್ದೀರಿ?" ಎಂದು ಜಗಳಕ್ಕೆ ನಿಂತಿದ್ದರಂತೆ. ಒಂದು ಬೆಳಿಗ್ಗೆ ಅಕ್ಕನನ್ನೇ ಬಹಳ ಹೊತ್ತು ನೋಡಿ, ಬಹಳ ಮರ್ಯಾದೆಯಿಂದ, "ನೀವು ಊಟ ಮಾಡಿದಿರಾ?" ಎಂದರಂತೆ. ಮದುವೆಯಾದಂದಿನಿಂದ ಅವಳನ್ನು ಬಹುವಚನದಲ್ಲಿ ಕರೆದವರಲ್ಲ.

"ಇಷ್ಟೆಲ್ಲ ಗೊತ್ತಿದ್ದೂ ನನ್ನ ಪ್ರಾಣನ ಅವರ ಕೈಗೆ ಕೊಟ್ಟು ಕಳಿಸ್ತಿದ್ಯಾ? ಒಡಹುಟ್ಟಿದವಳು ತಾನೆ ನೀನು?"

"ಹಗ್ಗ ಮರೀತಾರೆ ಅಂತ ಅನ್ಕೊಳ್ಳಲಿಲ್ಲ ಕಣೋ" ಎಂದಳು ಅಕ್ಕ. "ನನ್ನನ್ನ ಮರೆತ್ರು, ಮನೆ ಮರೆತ್ರು, ಸರಿ. ಹಗ್ಗ ಹಿಡಿದಾಗ ಮಾತ್ರ ಅವರು ಅವರಾಗಿರ್ತಾರೆ ಅಂತ ಇದ್ದೆ. ಅದನ್ನೂ ಕಿತ್ಕೊಂಡು ಮೂಲೇಲಿ ಕೂರಿಸಿದ್ರೆ ಇನ್ನೇನು ಉಳಿಯುತ್ತೆ, ನೀನೇ ಹೇಳು."

ನಾನು ಲೋಟ ಎತ್ತಿ ಗೋಡೆಗೆ ಹೊಡೆದೆ. ಒಳಗಿನಿಂದ ಭಾವನ ದನಿ ಬಂತು. "ಏನೇ ಅದು ಸದ್ದು? ನಿನ್ನ ತಮ್ಮ ಬಂದ್ನಾ?"

ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಒಳ್ಳೆಯವರು, ಅವಸರ ಮಾಡಲಿಲ್ಲ. ಇದು ವಯಸ್ಸಿನ ಮರೆವಲ್ಲ, ಕಾಯಿಲೆ, ಹೋದದ್ದು ತಿರುಗಿ ಬರುವುದಿಲ್ಲ, ಇನ್ನು ಹೆಚ್ಚುವುದೇ ಎಂದರು. ಯಾವ ಕಾರಣಕ್ಕೂ ಎತ್ತರದ ಕೆಲಸಕ್ಕೆ ಕಳಿಸಬೇಡಿ ಎಂದರು. ಭಾವ ಅವರ ಕೊಠಡಿಯ ಗೋಡೆಯ ಮೇಲೆ ಉಬ್ಬಿದ್ದ ಬಣ್ಣವನ್ನು ಉಗುರಿನಿಂದ ಕೆರೆದು ನೋಡಿ, "ತೇವ ಇದೆ ಒಳಗೆ" ಎಂದರು.

ಮಾರನೆಯ ಬೆಳಿಗ್ಗೆ ಭಾವ ಕೆಲಸದ ಬಟ್ಟೆ ಹಾಕಿಕೊಂಡು, ಗೋಣಿ ಮಡಚಿ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಅಕ್ಕ ನನ್ನ ಮುಖ ನೋಡಿದಳು. ನಾನು ಸುತ್ತಿಬಳಸಿ ಮಾತಾಡಿ ಗೊತ್ತಿರುವವನಲ್ಲ. ಕೂರಿಸಿ ಹೇಳಿದೆ. ಭಾವ, ನಿನ್ನೆ ಹೀಗಾಯಿತು, ನೀವು ಕೆಳಗೆ ಹೋದಿರಿ, ಮೇಲೆ ಯಾರಿದ್ದಾರೆ ಅಂತ ನನ್ನನ್ನೇ ಕೇಳಿದಿರಿ. ಇನ್ನು ಹಗ್ಗ ಬೇಡ.

ಅವರ ಮುಖದಿಂದ ರಕ್ತ ಇಳಿದುಹೋಯಿತು. "ನಾನು?" ಎಂದರು. "ನಿನ್ನನ್ನ ಗೋಡೆ ಮೇಲೆ ಬಿಟ್ಟು? ಚಪ್ಪಲಿ ತೆಗೆದು?" ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತರು. ಕೈ ಕಂಡರೆ ನಾಚಿಕೆ ಎನ್ನುವ ಹಾಗೆ. ಇಡೀ ದಿನ ಹಾಗೇ ಕೂತಿದ್ದರಂತೆ. ಅಕ್ಕನೇ ತುತ್ತು ಬಾಯಿಗಿಟ್ಟಳಂತೆ.

ಅದರ ಮಾರನೆಯ ಬೆಳಿಗ್ಗೆ ಗೋಣಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಸನ್ಮುಖಿಯಾಗಿ. "ಏನೋ, ತಡವಾಗಿ ಬರ್ತಿದ್ದೀಯ, ಹೆಂಡತಿ ಬಿಡಲಿಲ್ವಾ?"

ಮತ್ತೆ ಕೂರಿಸಿ ಹೇಳಿದೆ. ಮತ್ತೆ ಆ ಮುಖದಿಂದ ರಕ್ತ ಇಳಿಯಿತು. ಮತ್ತೆ "ನಾನು?" ಮತ್ತೆ ಕೈಗಳು ತೊಡೆಯ ಕೆಳಗೆ. ಅವರಿಗೆ ಅದು ಎರಡನೆಯ ಸಲವಲ್ಲ, ಮೊದಲನೆಯ ಸಲವೇ. ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

"ದಿನಾ ಬೆಳಗಾದ್ರೆ ಬಂದು ಅವರನ್ನ ಕೊಂದು ಹೋಗ್ತೀಯಲ್ಲೋ! ನಿಜ ಹೇಳಿದ್ರೆ ಏನು ಬಂತು ನಿಂಗೆ? ಅವರಿಗೆ ಸಂಜೆಗೆ ಉಳಿಯೋದಿಲ್ಲ, ನೋಯೋದು ಮಾತ್ರ ನಿಜವಾಗಿ ನೋಯುತ್ತೆ."

"ಮತ್ತೇನು ಹೇಳ್ಲಿ?"

"ಏನಾದ್ರೂ ಹೇಳು. ಬಣ್ಣದವನಲ್ವಾ ನೀನು?"

ನಾನು ಬಾಗಿಲಿಗೆ ಬಂದು, "ಭಾವ, ಇವತ್ತು ಕೆಲಸ ಇಲ್ಲ. ಗೋಡೆ ಇನ್ನೂ ಒಣಗಿಲ್ಲ" ಎಂದೆ.

ಅವರು "ಹಾಗಾದ್ರೆ ಬೇಡ. ಒಣಗದ ಗೋಡೆಗೆ ಬಳಿದ್ರೆ ಪದರ ಏಳುತ್ತೆ" ಎಂದು ಗೋಣಿ ಕೆಳಗಿಟ್ಟರು.

ಅಂದಿನಿಂದ ಅದೇ ಮಾತು. ಬೇರೆ ಹಗ್ಗದವನೊಬ್ಬ ಸಿಕ್ಕಿದ, ನಾನು ಅವನ ಜೊತೆ ಕೆಲಸಕ್ಕೆ ಹೋದೆ, ಭಾವನ ಗೋಡೆ ಮಾತ್ರ ಒಣಗಲೇ ಇಲ್ಲ. ಬಿಸಿಲು ಸುಡುವ ದಿನಗಳಲ್ಲೂ ಒಣಗಲಿಲ್ಲ. "ಯಾರು ಪ್ರೈಮರ್ ಹೊಡೆದೋರು? ನೀರು ಜಾಸ್ತಿ ಬೆರೆಸಿದಾನೆ ಕತ್ತೆ" ಎಂದು ಒಮ್ಮೊಮ್ಮೆ ಬೈಯುತ್ತಿದ್ದರು. ಬದುಕಿದೆವು ಎಂದುಕೊಂಡೆವು. ಅಕ್ಕನೂ ನಾನೂ ಆ ದಿನದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅವರ ತಲೆಯಿಂದ ಅದು ಅಳಿಸಿಹೋಗಿದೆ, ಕಾಯಿಲೆ ಮಾಡಿದ ಉಪಕಾರ ಇದೊಂದು ಎಂದು ನಾನು ಬಾಯಿಬಿಟ್ಟು ಅಂದದ್ದೂ ಇದೆ.

ಸ್ವಲ್ಪ ಕಾಲದ ಮೇಲೆ ಅಕ್ಕ ಹೇಳಿದಳು: ಭಾವ ಸರಿಯಾಗಿ ಉಣ್ಣುತ್ತಿಲ್ಲ. ತಟ್ಟೆಯ ಮುಂದಿನಿಂದ ಎದ್ದು ಬೀದಿಗೆ ಹೋಗುತ್ತಾರೆ. ಬೀದಿಯಲ್ಲಿ ನಿಂತು ಎದುರಿನ ಮನೆಗಳ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡುತ್ತಾರೆ. ಕೇಳಿದರೆ ಏನೂ ಇಲ್ಲ ಅನ್ನುತ್ತಾರೆ. ಮೈ ಇಳಿದುಹೋಗಿತ್ತು, ಕೊರಳಪಟ್ಟಿಯೊಳಗೆ ಕೊರಳು ಸಣ್ಣಗೆ ಕಾಣುತ್ತಿತ್ತು.

ಒಂದು ಸಂಜೆ ಹೋದಾಗ ಅವರು ಹೊರಗೆ ಮೆಟ್ಟಿಲ ಮೇಲಿದ್ದರು. ಪಕ್ಕದಲ್ಲಿ ಕೂತೆ.

"ಏನು ಭಾವ, ಮನೆ ಊಟ ರುಚಿಸೋದಿಲ್ವಂತೆ? ನಾನು ಅಂದೇ ಹೇಳಿದ್ದೆ, ನಮ್ಮಕ್ಕನ ಕೈ ರುಚಿ ಅಷ್ಟಕ್ಕಷ್ಟೇ ಅಂತ."

ನಗಲಿಲ್ಲ. ಒಳಗೆ ಒಮ್ಮೆ ಇಣುಕಿ ನೋಡಿದರು. ಅಕ್ಕ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ನನ್ನ ಮಣಿಕಟ್ಟು ಹಿಡಿದರು. ಹಿಡಿತ ಇನ್ನೂ ಹಳೆಯದೇ.

"ಯಾರಿಗೂ ಹೇಳಬೇಡ. ನಾನು ಒಬ್ಬನ್ನ ಗೋಡೆ ಮೇಲೆ ಬಿಟ್ಟು ಬಂದಿದೀನಿ ಕಣೋ."

ನಾನು ಅವರ ಕಡೆ ತಿರುಗಿ ಕೂತೆ.

"ಯಾರು, ಯಾವ ಕಟ್ಟಡ, ಒಂದೂ ಹೊಳೀತಿಲ್ಲ. ಹಗ್ಗ ಕಟ್ಟಿ ಬಂದೆನೋ ಇಲ್ವೋ ಅದೂ ಗೊತ್ತಿಲ್ಲ. ಆದರೆ ಬಿಟ್ಟು ಬಂದಿದೀನಿ, ಅದಂತೂ ನಿಜ. ಎಷ್ಟು ಹೊತ್ತಾಯ್ತೋ ಏನೋ. ಪಾಪ, ಕೂಗ್ತಿರ್ತಾನೆ. ಅವನು ಅಲ್ಲಿ ನೇತಾಡ್ತಿರುವಾಗ ನಾನು ಇಲ್ಲಿ ಕೂತು ಹೇಗೋ ಉಣ್ಣಲಿ?"

ಅಳಿಸಿಹೋಗಿದೆ ಎಂದುಕೊಂಡಿದ್ದೆವು. ಹೋಗಿದ್ದುದು ದಿನ, ಜಾಗ, ಮುಖ. ಉಳಿದದ್ದನ್ನು ಅವರು ಒಬ್ಬರೇ ಹೊತ್ತುಕೊಂಡು ತಿರುಗುತ್ತಿದ್ದರು. ಯಾರಿಗೂ ಹೇಳದೆ, ಹಸಿದುಕೊಂಡು.

ನನಗೆ ತಡೆಯಲಾಗಲಿಲ್ಲ. ಅಕ್ಕ ಹೇಳಿದ್ದನ್ನು ಮೀರಿದೆ. ಅವರ ಎರಡೂ ಕೈ ಹಿಡಿದುಕೊಂಡು, "ಭಾವ, ಅದು ನಾನೇ. ನೀವು ಬಿಟ್ಟು ಬಂದದ್ದು ನನ್ನನ್ನೇ. ನಾನು ಇಳಿದೆ. ನೀವೇ ಇಳಿಸಿದಿರಿ, ಒಂದು ಕುಲುಕಿಲ್ಲದೆ ಇಳಿಸಿದಿರಿ. ಇಲ್ಲೇ ಇದೀನಿ ನೋಡಿ, ಕೈಕಾಲು ನೋಡಿ" ಎಂದೆ.

ಭಾವ ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಒಂದು ಗಳಿಗೆ, ನಂಬಿದರು, ಮುಗಿಯಿತು ಎಂದುಕೊಂಡೆ. ಆಮೇಲೆ ನನ್ನ ಬೆನ್ನು ತಟ್ಟಿ, ಮಗುವಿಗೆ ಸಮಾಧಾನ ಹೇಳುವ ಹಾಗೆ ಹೇಳಿದರು.

"ನೀನಲ್ಲ ಬಿಡೋ ಹುಚ್ಚ. ನಿನ್ನನ್ನ ಬಿಟ್ಟು ಬರ್ತೀನಾ ನಾನು?"

ಎಷ್ಟು ಕೂಗಾಡಿದರೂ, ಎಷ್ಟು ಆಣೆ ಇಟ್ಟರೂ ಅವರು ಇದನ್ನು ಒಪ್ಪುವುದಿಲ್ಲ ಎಂದು ಆ ಕ್ಷಣಕ್ಕೇ ತಿಳಿಯಿತು. ಗೋಡೆಯ ಮೇಲಿನವನು ಯಾರು ಬೇಕಾದರೂ ಆಗಬಹುದು, ನಾನು ಮಾತ್ರ ಆಗಲಾರೆ.

ಅವರು ಏಳಲು ನೋಡಿದರು. "ಬೆಳಕಿರುವಾಗಲೇ ಒಂದು ಸುತ್ತು ನೋಡಿ ಬರ್ತೀನಿ" ಎಂದರು. ಬೇಡ ಎನ್ನಬೇಕೆಂದು ಬಾಯಿ ತೆರೆದವನು, "ನಡೀರಿ, ನಾನೂ ಬರ್ತೀನಿ" ಎಂದೆ.

ಈಗ ಕೆಲಸ ಮುಗಿಸಿ ನೇರ ಅವರ ಮನೆಗೆ ಹೋಗುತ್ತೇನೆ. ಇಬ್ಬರೂ ಬೀದಿ ಬೀದಿ ನಡೆಯುತ್ತೇವೆ. ಎತ್ತರದ ಕಟ್ಟಡ ಬಂದಾಗ ನಿಲ್ಲುತ್ತಾರೆ. ನಾಲ್ಕೂ ಮಗ್ಗುಲು ನೋಡಬೇಕು, ಹಿಂದಿನ ಓಣಿಗೂ ಹೋಗಬೇಕು, ಬಿಡುವುದಿಲ್ಲ. ಅವರ ಕಣ್ಣು ಈಗ ಅಷ್ಟು ದೂರಕ್ಕೆ ಸಾಲದು, ಹಾಗಾಗಿ ನನ್ನನ್ನು ಕೇಳುತ್ತಾರೆ.

"ಇದಾನಾ?"

ನೋಡದೆಯೇ ಇಲ್ಲ ಎಂದು ಹೇಳಿ ಮುಗಿಸಲು ನನಗೂ ಆಗುವುದಿಲ್ಲ. ತಲೆ ಎತ್ತಿ, ಮೋಟುಗೋಡೆಯಿಂದ ನೆಲದವರೆಗೆ ನೋಡುತ್ತೇನೆ. ಕತ್ತು ನೋಯುತ್ತದೆ. ಯಾರಾದರೂ ಬೀದಿಯವರು ನಿಂತು "ಏನ್ರೀ ಹುಡುಕ್ತಿದೀರಾ?" ಎಂದು ಕೇಳಿದರೆ ಅವರ ಮೇಲೆ ಹರಿಹಾಯುತ್ತೇನೆ, ಭಾವ ನನ್ನನ್ನು ಸುಮ್ಮನಿರಿಸುತ್ತಾರೆ. "ಇಲ್ಲ ಭಾವ, ಈ ಗೋಡೆ ಖಾಲಿ" ಅಂದ ಮೇಲೆ ಅವರು ಹೆಜ್ಜೆ ಎತ್ತುತ್ತಾರೆ.

ಮನೆಗೆ ಬಂದಾಗ ಅಕ್ಕ ತಟ್ಟೆ ಹಾಕಿರುತ್ತಾಳೆ. "ಸಿಕ್ಕಿದನಾ?" ಎಂದು ಕೇಳುತ್ತಾಳೆ. ಹಾಗೆ ಕೇಳಬೇಕೆಂದು ಅವಳೇ ಕಲಿತುಕೊಂಡಳು. "ಇವತ್ತಿಲ್ಲ" ಎಂದು ಭಾವ ಕೈ ತೊಳೆಯಲು ಹೋಗುತ್ತಾರೆ. ಹುಡುಕಿ ಬಂದ ದಿನ ಉಣ್ಣುತ್ತಾರೆ. ನಾನು ಹೋಗಲಾಗದ ದಿನ ತಟ್ಟೆ ಮುಟ್ಟುವುದಿಲ್ಲ. ಅದಕ್ಕೆ ಎಲ್ಲಿದ್ದರೂ ಹೋಗುತ್ತೇನೆ.